ಕುದುರೆಯ ಬೆಲೆ

ಗಾದಿಗನೂರಿನ ನಮ್ಮ ಮನೆಯಲ್ಲಿ ಹುರುಳಿ ಬೆಂದ ದಿನ ಹಬ್ಬ. ಕಟ್ಟು ಬಸಿದರೆ ಸಾರು, ಉಳಿದ ಕಾಳು ಪಲ್ಯ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತ ಬೆಂಗಳೂರಿಗೆ ಹೋದಾಗ ಅದೇ ವಾಸನೆ ರೇಸ್ ಕುದುರೆಯ ಲಾಯದಲ್ಲಿ ಬಂತು. ನಮ್ಮ ಕಡೆಯ ಹುಡುಗನೊಬ್ಬ ಅಲ್ಲಿ ಸೈಸ್. ಬೇಯಿಸಿದ ಹುರುಳಿಗೆ ಓಟ್ಸ್, ತವುಡು ಬೆರೆಸುತ್ತಿದ್ದ. ಎಲ್ಲ ತೂಕದ ಮೇಲೆ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಸಣ್ಣದು. ಕಾಳು ಒಮ್ಮೆಗೇ ಹೆಚ್ಚಾದರೆ ಹೊಟ್ಟೆಶೂಲೆ. ಗೊರಸಿನೊಳಗೆ ಬಾವು ಬಂದು ಕುಂಟುವುದೂ ಉಂಟು. ಅದಕ್ಕೇ ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ.

ನೆಲಕ್ಕೂ ಅಳತೆ. ಪೆನೆಟ್ರೋಮೀಟರ್ ಎಂಬ ಸಲಾಕೆಯನ್ನು ಹುಲ್ಲುನೆಲಕ್ಕೆ ಇಳಿಸಿ ಎಷ್ಟು ಮೆತ್ತಗಿದೆ ನೋಡುತ್ತಾರೆ. ಗಟ್ಟಿಯಾದರೆ ಎಲುಬು, ಕೀಲಿಗೆ ಪೆಟ್ಟು; ಕೆಸರಾದರೆ ಕಾಲು ಹೂತು ದಣಿವು. ಒಣಗಿದರೆ ನೀರು ಹಾಯಿಸುತ್ತಾರೆ.

ನನಗೆ ಹೊಟ್ಟೆಕಿಚ್ಚಾಯಿತು. ಅದಿರು ಲಾರಿಗಳ ಕೆಂಪು ಧೂಳಿನಲ್ಲಿ ಬರಿಗಾಲಲ್ಲಿ ಕೂಲಿಗೆ ನಡೆದ ಅವ್ವನ ಕಾಲಡಿಯ ನೆಲವನ್ನು ಯಾರು ಅಳೆದರು?

"ಕಾಲು ಮುರಿದ್ರ ಏನ್ ಮಾಡ್ತಾರೋ ತಮ್ಮಾ?" ಎಂದೆ.

"ವಾಸಿ ಆಗಲ್ಲ ಅಂದ್ರ ಇಂಜೆಕ್ಷನ್ ಕೊಟ್ಟು ಮಲಗಿಸ್ತಾರಣ್ಣ."

ಹೊಟ್ಟೆಕಿಚ್ಚು ಅಲ್ಲೇ ಆರಿತು. ಆ ಆರೈಕೆ ಕುದುರೆಗಲ್ಲ, ಅದರ ಓಟಕ್ಕೆ.

ನಮ್ಮ ಪಕ್ಕದ ಹಂಪಿಯ ಕಥೆಯೂ ಇದೇ. 16ನೇ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ: ಸಮುದ್ರದಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಳುವ ನರಸಿಂಹ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಹಣ ವ್ಯಾಪಾರಿಗೆ ಸಿಕ್ಕಿತು. ಕುದುರೆಗೇನು ಸಿಕ್ಕಿತು?

"ಹೊಟ್ಟಿಗೆ ಹಾಕಿಲ್ಲೇನಲೇ?" ಎಂದು ಜೀತದಾಳನ್ನು ಗದರುತ್ತಿದ್ದ ಧಣಿಯದೂ ಇಂಥದೇ ಕರುಣೆ. ಅವನ ಅಂಬಲಿಗೂ ಅಳತೆಯಿತ್ತು: ನಾಳೆ ದುಡಿಯಲು ಸಾಲುವಷ್ಟು. 1976ರ ಕಾನೂನು ಜೀತವನ್ನು ರದ್ದು ಮಾಡಿತು. ಆ ಮಾತು ರದ್ದಾಯಿತೆ?

ಗೆಳೆಯರೆ, "ಕುದುರೆಗಿರುವ ಬೆಲೆ ನಮಗಿಲ್ಲ" ಎಂದು ನಾನೂ ಸಭೆಗಳಲ್ಲಿ ಕೂಗಿದ್ದೇನೆ. ತಪ್ಪಾಯಿತು. ಕುದುರೆಯ ಬೆಲೆ ನಮಗೆ ಬೇಡ. ಅದು ಓಟ ನಿಂತ ದಿನ ಮುಗಿಯುವ ಬೆಲೆ. ನಾವು ಕೇಳಬೇಕಾದ್ದು ಓಡಲಾರದ ದಿನವೂ ಉಣ್ಣುವ ಹಕ್ಕು. ನಮಗೂ, ಆ ಮೂಕ ಪ್ರಾಣಿಗೂ.

ಅವ್ವನ ಮೊಣಕಾಲು ಈಗ ಸೋತಿವೆ. ಕೂಲಿಗೆ ಹೋಗುವುದಿಲ್ಲ. ತಾಟಿಗೆ ಹುರುಳಿ ಪಲ್ಯ ಬಡಿಸಿದರೆ, "ದುಡೀಲಾರದಾಕಿಗೆ ಇಷ್ಟ್ಯಾಕಪ್ಪಾ?" ಎನ್ನುತ್ತಾಳೆ. ಧಣಿಯ ಅಳತೆ ಅವಳ ಬಾಯಲ್ಲೇ ಉಳಿದುಬಿಟ್ಟಿದೆ. ಅದನ್ನು ಯಾವ ಕಾನೂನೂ ತೆಗೆಯಲಾರದು. ನಾವೇ ತೆಗೆಯಬೇಕು.