ಕೆಡಿಸಿದವರು ಯಾರು?

ಹಳೆಯ ಹಾಡೊಂದನ್ನು ಹೆವಿ ಮೆಟಲ್ ತಂಡ ಹಾಡಿತೆಂದರೆ 'ಕೆಡಿಸಿಬಿಟ್ಟರು' ಎಂಬ ತೀರ್ಪು ಕೇಳುವ ಮೊದಲೇ ಸಿದ್ಧವಾಗಿರುತ್ತದೆ. ಇದು ನ್ಯಾಯವೇ?

ಅಮೆರಿಕದ ಪೌಲ್ ಸೈಮನ್ ಬರೆದ 'ದಿ ಸೌಂಡ್ ಆಫ್ ಸೈಲೆನ್ಸ್' ಹಾಡನ್ನೇ ನೋಡಿ. 1964ರಲ್ಲಿ ಸೈಮನ್ ಮತ್ತು ಆರ್ಟ್ ಗಾರ್ಫಂಕೆಲ್ ಗಿಟಾರಿನೊಂದಿಗೆ ಮೆಲುದನಿಯಲ್ಲಿ ಹಾಡಿದಾಗ ಕೇಳುವವರಿರಲಿಲ್ಲ. ಆಲ್ಬಂ ಸೋತಿತು, ಜೋಡಿ ಬೇರ್ಪಟ್ಟಿತು. ಮರುವರ್ಷ ನಿರ್ಮಾಪಕ ಟಾಮ್ ವಿಲ್ಸನ್ ಅದೇ ಧ್ವನಿಮುದ್ರಣಕ್ಕೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್‌ಗಳನ್ನು ಸೇರಿಸಿದರು. ಹಾಡಿದವರನ್ನು ಒಂದು ಮಾತೂ ಕೇಳಲಿಲ್ಲ. 1966ರ ಜನವರಿಯಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ನಾವು 'ಮೂಲ'ವೆಂದು ಕಾಪಾಡ ಹೊರಡುವುದು ಹೆಚ್ಚಾಗಿ ಈ ತಿದ್ದಿದ ರೂಪವನ್ನೇ!

2015ರಲ್ಲಿ ಷಿಕಾಗೋದ 'ಡಿಸ್ಟರ್ಬ್ಡ್' ಎಂಬ ಮೆಟಲ್ ತಂಡ ಇದನ್ನು ಹಾಡಿತು. ಅಬ್ಬರ ನಿರೀಕ್ಷಿಸಿದವರಿಗೆ ಕೇಳಿಸಿದ್ದು ಪಿಯಾನೋ ಮತ್ತು ಡೇವಿಡ್ ಡ್ರೇಮನ್‌ರ ತಗ್ಗಿದ ಕಂಠ. ಎಳವೆಯಲ್ಲಿ ಯಹೂದಿ ಪ್ರಾರ್ಥನಾ ಗಾಯನ ಕಲಿತವರು ಅವರು. ದನಿ ಮೆಲ್ಲನೆ ಏರುತ್ತಾ ಕೊನೆಗೆ ಮೊರೆಯಾಗುತ್ತದೆ. ಮನುಷ್ಯ ಮನುಷ್ಯನ ಮಾತನ್ನು ಕೇಳಿಸಿಕೊಳ್ಳದ ಲೋಕದ ಹಾಡಿದು. ಅಂದು ಅದು ನಿಟ್ಟುಸಿರಾಗಿತ್ತು, ಇಂದು ಕೂಗಾಯಿತು. ನೋವು ಅದೇ. 2016ರಲ್ಲಿ ಟಿವಿಯಲ್ಲಿ ಇದನ್ನು ಕಂಡ ಸೈಮನ್ ಮೆಚ್ಚಿ ಇ-ಮೇಲ್ ಬರೆದರು.

ಹಾಗೆಂದು ಯಶಸ್ಸೋ ಮೆಚ್ಚುಗೆಯೋ ಎಲ್ಲವನ್ನೂ ಸರಿಪಡಿಸುವುದಿಲ್ಲ. ಹಾಡಿದವರಿಗೆ ತಿಳಿಸದೆ ತಿದ್ದಿದ್ದು, ಹಾಡು ಗೆದ್ದರೂ ತಪ್ಪೇ. ಆದರೆ ಬರೆದವನ ಹೆಸರನ್ನು ಉಳಿಸಿ, ಅವನ ಮಾತನ್ನು ಅರಿತು, ತನ್ನ ಕಂಠದಲ್ಲಿ ಹಾಡುವುದು ದ್ರೋಹವಲ್ಲ. ಸದ್ದು ಹೆಚ್ಚಾಗುವುದರಿಂದ ಹಾಡು ಕೆಡುವುದಿಲ್ಲ. ಹಾಡುವವನು ಅದನ್ನು ಮೊದಲು ಕಿವಿಗೊಟ್ಟು ಕೇಳದಿದ್ದರೆ ಕೆಡುತ್ತದೆ.

ಕೇಳುವ ಮೊದಲೇ ತೀರ್ಪು ಕೊಡುವ ನಮಗೂ ಈ ಮಾತು ಅನ್ವಯಿಸುವುದಿಲ್ಲವೇ?