ಯಾವ ಅಮಲು ಹಗುರ?

 



ಕೆಲವು ವರ್ಷಗಳ ಹಿಂದಿನ ಮಾತು. ಮಗ್ರಿಬ್ ನಮಾಝ್ ಮುಗಿಸಿ ಮದ್ರಸದ ಬಾಗಿಲು ಹಾಕುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಕೈಯಲ್ಲಿ ನೀರಿನ ಬಾಟಲಿ ಹಿಡಿದುಕೊಂಡು ಬಂದರು. "ಉಸ್ತಾದ್, ಮಗನಿಗೆ ನಿನ್ನೆಯಿಂದ ಮೈ ಸರಿಯಿಲ್ಲ. ಆಕಳಿಕೆ ನಿಲ್ಲುವುದಿಲ್ಲ, ಕಣ್ಣು ಮೂಗಿನಲ್ಲಿ ನೀರು, ಮೈಯ ರೋಮವೆಲ್ಲ ಎದ್ದು ನಿಂತಿದೆ. ರಾತ್ರಿಯಿಡೀ ಕಾಲು ಬಡಿಯುತ್ತಾನೆ. ಜಿನ್ನಿನ ಉಪದ್ರವವೋ ಏನೋ, ಈ ನೀರಿಗೆ ಓದಿ ಕೊಡಿ" ಎಂದರು. ಅವರ ಹಿಂದೆ ಸ್ವಲ್ಪ ದೂರದಲ್ಲಿ ತಂದೆ ನಿಂತಿದ್ದರು. ನನ್ನನ್ನು ಬದಿಗೆ ಕರೆದು ತಗ್ಗಿದ ದನಿಯಲ್ಲಿ, "ಜಿನ್ನೂ ಇಲ್ಲ, ಏನೂ ಇಲ್ಲ. ಬ್ರೌನ್ ಶುಗರ್. ಕೋಣೆಯಲ್ಲಿ ಹಾಕಿ ಬೀಗ ಜಡಿದಿದ್ದೇನೆ" ಎಂದರು.

ನಾನು ನೀರಿಗೆ ಓದಿ ಕೊಟ್ಟೆ. ಅಷ್ಟಕ್ಕೇ ಸುಮ್ಮನಿದ್ದರೆ ಒಳ್ಳೆಯದಿತ್ತು. ನನಗೆ ತಿಳಿಯದ ವಿಷಯದಲ್ಲಿ ಬುದ್ಧಿವಾದವನ್ನೂ ಹೇಳಿದೆ. "ಕುಡುಕರಿಗೂ ಬೆಳಿಗ್ಗೆ ತಲೆ ಸಿಡಿಯುತ್ತದೆ, ಸಂಜೆಗೆ ಇಳಿಯುತ್ತದೆ. ಇವನಿಗೂ ಇಳಿದೀತು. ಸಬ್ರ್ ಮಾಡಿ, ಬಾಗಿಲು ತೆರೆಯಬೇಡಿ" ಎಂದೆ.

ಮೂರನೆಯ ದಿನ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಕಾಯಿತು. ವಾಂತಿ ಭೇದಿಯಿಂದ ಮೈಯ ನೀರೆಲ್ಲ ಬತ್ತಿ ನಾಲಿಗೆ ಒಣಗಿತ್ತು. ಡ್ರಿಪ್ ಹಾಕಿದ ವೈದ್ಯರು ನನ್ನ ಮಾತನ್ನು ಕೇಳಿ ತಿಳಿದು, "ಮೌಲವಿಗಳೇ, ಒಂದು ರಾತ್ರಿ ಕುಡಿದವನ ತಲೆನೋವನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿರಲ್ಲ" ಎಂದರು. ಅಲ್‌ಹಮ್ದುಲಿಲ್ಲಾಹ್, ಹುಡುಗ ಉಳಿದ. ಆದರೆ ಆ ಮಾತು ನನ್ನದಾಗಿತ್ತು. ಅದಕ್ಕಾಗಿ ನಾನು ಅಲ್ಲಾಹನಲ್ಲಿಯೂ ಆ ತಾಯಿಯಲ್ಲಿಯೂ ಕ್ಷಮೆ ಕೇಳಿದ್ದೇನೆ. ನನ್ನಂತೆ ಇನ್ನೊಬ್ಬರು ಹೇಳಬಾರದು, ಇನ್ನೊಂದು ಮನೆಯವರು ನಂಬಬಾರದು ಎಂದು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮರುದಿನದ ತಲೆಭಾರ

ಮದ್ಯ ಕುಡಿದವನಿಗೆ ಮರುದಿನ ಬರುವ ಹ್ಯಾಂಗೋವರ್ ಎಂದರೇನು? ದೇಹವು ಒಳಗೆ ಬಿದ್ದ ವಿಷವನ್ನು ಹೊರಹಾಕಲು ಪಡುವ ಪಾಡು ಅದು. ಮದ್ಯವು ಮೂತ್ರವನ್ನು ಹೆಚ್ಚಿಸಿ ಮೈಯ ನೀರನ್ನು ಇಳಿಸುತ್ತದೆ, ಹೊಟ್ಟೆಯನ್ನು ಕೆಡಿಸುತ್ತದೆ, ನಿದ್ದೆಯನ್ನು ಹಾಳುಮಾಡುತ್ತದೆ. ಆದ್ದರಿಂದ ತಲೆನೋವು, ಬಾಯಾರಿಕೆ, ವಾಕರಿಕೆ, ಸುಸ್ತು. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಇದಕ್ಕೆ ಚಟ ಬೇಕಾಗಿಲ್ಲ. ಜೀವನದಲ್ಲಿ ಮೊದಲ ಬಾರಿ ಕುಡಿದವನಿಗೂ ಬರಬಹುದು.

ಅಫೀಮು ಬಿಟ್ಟವನ ಯಾತನೆ

ಅಫೀಮು, ಅದರಿಂದ ತೆಗೆದ ಮಾರ್ಫಿನ್, ಮಾರ್ಫಿನ್‌ನಿಂದ ಮಾಡಿದ ಹೆರಾಯಿನ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂತಹ ನೋವಿನ ಮಾತ್ರೆ ಇವೆಲ್ಲವೂ ಮೆದುಳಿನ ಒಂದೇ ಬಾಗಿಲನ್ನು ತಟ್ಟುತ್ತವೆ. ನಾವು ಬ್ರೌನ್ ಶುಗರ್ ಎನ್ನುವುದು ಹೆರಾಯಿನ್‌ನ ಕಲಬೆರಕೆಯ ರೂಪ. ಸೃಷ್ಟಿಕರ್ತನ ಕರುಣೆಯನ್ನು ನೋಡಿ: ನೋವನ್ನು ತಣಿಸುವ ವಸ್ತುವನ್ನು ಅವನು ನಮ್ಮ ಮೆದುಳಿನೊಳಗೇ ಇರಿಸಿದ್ದಾನೆ. ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1975ರಲ್ಲಿ. ಹೊರಗಿನಿಂದ ಅಫೀಮು ದಿನವೂ ಬರತೊಡಗಿದರೆ ಮೆದುಳು ಅದಕ್ಕೆ ತಕ್ಕಂತೆ ತನ್ನನ್ನು ಬದಲಿಸಿಕೊಳ್ಳುತ್ತದೆ. ಆಮೇಲೆ ಅದನ್ನು ಥಟ್ಟನೆ ನಿಲ್ಲಿಸಿದಾಗ, ಅಷ್ಟು ದಿನ ಅದುಮಿಟ್ಟಿದ್ದ ನರಗಳೆಲ್ಲ ಒಮ್ಮೆಲೇ ಎದ್ದು ಕೂಗುತ್ತವೆ.

ಹೆರಾಯಿನ್ ಬಿಟ್ಟರೆ ಅರ್ಧ ದಿನದ ಸುಮಾರಿಗೆ ಇದು ತೊಡಗುತ್ತದೆ. ಆಕಳಿಕೆ, ಬೆವರು, ಕಣ್ಣು ಮೂಗಿನ ನೀರು, ರೋಮ ನಿಮಿರುವುದು. ಎರಡನೆಯ, ಮೂರನೆಯ ದಿನ ಅತಿ ತೀವ್ರ: ಮೂಳೆ ಮೂಳೆಯಲ್ಲೂ ನೋವು, ಹೊಟ್ಟೆ ಹಿಂಡುವುದು, ವಾಂತಿ, ಭೇದಿ, ನಿದ್ದೆಯಿಲ್ಲದ ಚಡಪಡಿಕೆ. ಒಂದು ವಾರದಿಂದ ಹತ್ತು ದಿನಗಳಲ್ಲಿ ಮೈಯ ನೋವು ತಗ್ಗುತ್ತದೆ. ನಿದ್ದೆಗೇಡು, ಬೇಸರ, ಮತ್ತೆ ಬೇಕೆನಿಸುವ ಹಂಬಲ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಡುತ್ತದೆ. ಆ ತಾಯಿ ಹೇಳಿದ ಲಕ್ಷಣಗಳಲ್ಲಿ ಒಂದೂ ಜಿನ್ನಿನದಾಗಿರಲಿಲ್ಲ, ಒಂದೂ ಹ್ಯಾಂಗೋವರಿನದಾಗಿರಲಿಲ್ಲ.

ಹಾಗಾದರೆ ಮದ್ಯವೇ ವಾಸಿಯೇ?

ಇಲ್ಲಿ ಶೈತಾನನು ಇನ್ನೊಂದು ಬಾಗಿಲನ್ನು ತೆರೆಯುತ್ತಾನೆ. "ನಾನು ಬರೇ ಸಂಜೆಗೆ ಸ್ವಲ್ಪ ಕುಡಿಯುವವನು, ಆ ಹುಡುಗರ ಹಾಗೆ ಪುಡಿ ಎಳೆಯುವವನಲ್ಲ" ಎನ್ನುವವರಿದ್ದಾರೆ. ಅವರಿಗೆ ವೈದ್ಯರ ಉತ್ತರವನ್ನೇ ತಿಳಿಸುತ್ತೇನೆ. ಒಂದು ರಾತ್ರಿಯ ತಲೆಭಾರವನ್ನು ಅಫೀಮಿನ ಚಟ ಬಿಟ್ಟವನ ಯಾತನೆಯೊಂದಿಗೆ ತೂಗುವುದು ಸರಿಯಲ್ಲ. ತೂಗುವುದಾದರೆ ದಿನನಿತ್ಯ ಕುಡಿಯುವವನು ಕುಡಿತ ಬಿಟ್ಟಾಗಿನ ಸ್ಥಿತಿಯೊಂದಿಗೆ ತೂಗಬೇಕು.

ಆ ಸ್ಥಿತಿ ಏನು? ಕೊನೆಯ ಗುಟುಕಿನ ಬಳಿಕ ಒಂದು ದಿನದೊಳಗೆ ಕೈ ನಡುಕ, ಬೆವರು, ಎದೆಬಡಿತ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಅಪಸ್ಮಾರದಂತಹ ಸೆಳೆತ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಾಣುತ್ತದೆ, ಮನೆಯವರ ಗುರುತು ಸಿಗುವುದಿಲ್ಲ, ಜ್ವರ ಏರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣವೇ ಹೋಗಬಹುದು. ಬೆಳಿಗ್ಗೆ ನಡುಗುವ ಕೈ ಒಂದು ಗುಟುಕು ಕುಡಿದೊಡನೆ ನಿಂತರೆ ಅದು ಹ್ಯಾಂಗೋವರ್ ಅಲ್ಲ. ಮದ್ಯವು ಯಜಮಾನನಾಗಿ ಕುಳಿತಿದೆ ಎಂಬುದರ ಗುರುತು ಅದು.

ಆದುದರಿಂದ ತೂಕ ಹೀಗಿದೆ: ಸಹಿಸಲು ಅಫೀಮಿನ ಯಾತನೆ ಹೆಚ್ಚು ಕಠಿಣ, ಪ್ರಾಣಕ್ಕೆ ಮದ್ಯ ಬಿಟ್ಟಾಗಿನ ಸ್ಥಿತಿ ಹೆಚ್ಚು ಅಪಾಯ. ಆರೋಗ್ಯವಂತನಾದ ಯುವಕ ಅಫೀಮಿನ ಯಾತನೆಯೊಂದರಿಂದಲೇ ಸಾಯುವುದು ಅಪರೂಪ. ಆದರೆ ವಾಂತಿ ಭೇದಿಯಿಂದ ನೀರು ಬತ್ತಿದಾಗ ನೋಡುವವರಿಲ್ಲದಿದ್ದರೆ ಸಾಯಬಹುದು. ಇನ್ನೊಂದು ಅಪಾಯ ಯಾತನೆ ಮುಗಿದ ಮೇಲೆ ಕಾದಿರುತ್ತದೆ. ಕೆಲವು ವಾರ ಬಿಟ್ಟವನ ದೇಹಕ್ಕೆ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಇರುವುದಿಲ್ಲ. ಜಾರಿಬಿದ್ದು ಹಿಂದಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. 2019ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 16 ಕೋಟಿ ಮಂದಿ ಮದ್ಯವನ್ನೂ, ಸುಮಾರು 2.26 ಕೋಟಿ ಮಂದಿ ಅಫೀಮು ವರ್ಗದ ವಸ್ತುಗಳನ್ನೂ ಬಳಸುತ್ತಿದ್ದರು. ಇವರಲ್ಲಿ ನಮ್ಮ ಮೊಹಲ್ಲಾದವರು ಯಾರೂ ಇಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ.

ಧರ್ಮದ ತಕ್ಕಡಿ

ನಮ್ಮ ಕೆಲವು ಹುಡುಗರು ಇನ್ನೊಂದು ವಾದ ಹೂಡುತ್ತಾರೆ: "ಕುರ್‌ಆನ್ ನಿಷೇಧಿಸಿದ್ದು ಮದ್ಯವನ್ನು. ಮಾತ್ರೆ, ಸಿರಪ್ಪಿನ ಹೆಸರು ಅದರಲ್ಲಿ ಎಲ್ಲಿದೆ?" ಕುರ್‌ಆನ್ ಬಳಸಿದ ಪದ ‘ಖಮ್ರ್’. ಅದರ ಮೂಲದಲ್ಲಿ ಮುಚ್ಚುವುದು ಎಂಬ ಅರ್ಥವಿದೆ. ಬುದ್ಧಿಯನ್ನು ಮುಚ್ಚುವುದೆಲ್ಲವೂ ಖಮ್ರ್ ಎಂದು ಖಲೀಫಾ ಉಮರ್(ರ) ಮಿಂಬರಿನ ಮೇಲೆ ನಿಂತು ವಿವರಿಸಿದ್ದಾರೆ. ಅಮಲೇರಿಸುವ ಪ್ರತಿಯೊಂದು ವಸ್ತುವೂ ನಿಷಿದ್ಧವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಬಾಟಲಿಯ ಮೇಲೆ ಅಂಟಿಸಿದ ಚೀಟಿಯನ್ನು ನೋಡಿ ಹರಾಮ್ ಹಲಾಲ್ ನಿರ್ಧಾರವಾಗುವುದಿಲ್ಲ. ಶಸ್ತ್ರಚಿಕಿತ್ಸೆಯಾದವನಿಗೆ, ಕ್ಯಾನ್ಸರಿನಿಂದ ನರಳುವವನಿಗೆ ವೈದ್ಯರು ಅಳತೆ ನೋಡಿ ಕೊಡುವ ಮಾರ್ಫಿನ್ ಔಷಧ. ಅದನ್ನೇ ಅಮಲಿಗಾಗಿ ಹುಡುಕಿಕೊಂಡು ಹೋಗುವುದು ಪಾಪ. ಹೀಗಿರುವಾಗ ಎರಡು ಪಾಪಗಳನ್ನು ಅಕ್ಕಪಕ್ಕ ಇಟ್ಟು, ನನ್ನದು ಹಗುರವೆಂದು ಸಂತೋಷಪಡುವವನು ತನ್ನನ್ನು ತಾನೇ ವಂಚಿಸಿಕೊಳ್ಳುತ್ತಾನೆ.

ಆದರೆ ಅದೇ ಧರ್ಮವು ಬಿಡಿಸುವ ಕ್ರಮವನ್ನೂ ತೋರಿಸಿದೆ. ಅಲ್ಬಕರ ಅಧ್ಯಾಯದಲ್ಲಿ ಮದ್ಯದ ಕೇಡು ಅದರ ಲಾಭಕ್ಕಿಂತ ದೊಡ್ಡದೆಂಬ ಎಚ್ಚರಿಕೆ ಬಂತು. ಬಳಿಕ ಅನ್ನಿಸಾ ಅಧ್ಯಾಯದಲ್ಲಿ ಅಮಲಿನಲ್ಲಿ ನಮಾಝಿನ ಹತ್ತಿರ ಸುಳಿಯಬಾರದೆಂಬ ಆಜ್ಞೆ ಬಂತು. ಕೊನೆಗೆ ಅಲ್ಮಾಇದ ಅಧ್ಯಾಯದಲ್ಲಿ ಪೂರ್ಣ ನಿಷೇಧ. ಆ ದಿನ ಮದೀನದ ಬೀದಿಗಳಲ್ಲಿ ಮದ್ಯ ಹರಿಯಿತೆಂದು ಅನಸ್(ರ) ವರದಿ ಮಾಡಿದ್ದಾರೆ. ಮನುಷ್ಯನನ್ನು ಸೃಷ್ಟಿಸಿದವನಿಗೆ ಅವನ ದೌರ್ಬಲ್ಯ ಗೊತ್ತಿತ್ತು.

ಹಿಜ್ರಿ 10ನೇ ಶತಮಾನದ ಶಾಫಿಈ ವಿದ್ವಾಂಸರಾದ ಇಬ್ನು ಹಜರ್ ಅಲ್ ಹೈತಮೀ(ರಹ್)ಯವರ ಮುಂದೆ ಇದೇ ಪ್ರಶ್ನೆ ಬಂದಿತ್ತು: ಅಫೀಮು ತಿಂದು ತಿಂದು, ಬಿಟ್ಟರೆ ಸಾಯುವ ಸ್ಥಿತಿಗೆ ತಲುಪಿದವನು ಏನು ಮಾಡಬೇಕು? ಪ್ರಾಣ ಹೋಗುವುದು ಖಚಿತವಾಗಿದ್ದರೆ ಜೀವ ಉಳಿಯುವಷ್ಟು ತೆಗೆದುಕೊಳ್ಳುವುದು ಅನುಮತಿ ಮಾತ್ರವಲ್ಲ, ಕಡ್ಡಾಯ. ಆದರೆ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತಾ ದೇಹಕ್ಕೆ ಅರಿವಾಗದಂತೆ ಬಿಡಬೇಕು, ಹಾಗೆ ಕಡಿಮೆ ಮಾಡದವನು ಪಾಪಿ ಎಂದು ಅವರು ಉತ್ತರಿಸಿದರು. ಹನಫೀ ವಿದ್ವಾಂಸ ಇಬ್ನು ಆಬಿದೀನ್(ರಹ್) ತಮ್ಮ ‘ರದ್ದುಲ್ ಮುಹ್ತಾರ್’ ಗ್ರಂಥದಲ್ಲಿ ಈ ಫತ್ವಾವನ್ನು ಎತ್ತಿಕೊಂಡಿದ್ದಾರೆ. ಇಂದು ವೈದ್ಯರು ಅಫೀಮಿನ ಚಟಕ್ಕೆ ಬುಪ್ರಿನಾರ್ಫಿನ್‌ನಂತಹ ಮಾತ್ರೆಯನ್ನು ನಿಗದಿತ ಪ್ರಮಾಣದಲ್ಲಿ ಕೊಟ್ಟಾಗ, "ಒಂದು ಅಮಲು ಬಿಡಿಸಲು ಇನ್ನೊಂದು ಅಮಲೇ?" ಎಂದು ಮೂಗು ಮುರಿಯುವವರು ಈ ಫತ್ವಾವನ್ನು ಒಮ್ಮೆ ನೆನೆಯಬೇಕು. ನಾನು ಈ ಗ್ರಂಥಗಳ ನೆರಳಿನಲ್ಲಿ ಓದಿದವನು. ಆದರೂ ಆ ಸಂಜೆ ನನ್ನ ಬಾಯಿಗೆ ಬಂದದ್ದು ಬೀಗದ ಮಾತು.

ಮನೆಯವರು ಮಾಡಬೇಕಾದುದು

ಮೊದಲನೆಯದಾಗಿ, ಬೀಗ ಹಾಕಬೇಡಿ. ದಿನವೂ ಕುಡಿಯುವವನಾಗಲಿ, ಪುಡಿ ಮಾತ್ರೆಗಳಿಗೆ ಬಿದ್ದವನಾಗಲಿ, ಬಿಡುವ ಮನಸ್ಸು ಮಾಡಿದ ದಿನವೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಕುಡಿತ ಬಿಟ್ಟವನಿಗೆ ಸೆಳೆತ ಬಂದರೆ, ಮಾತು ತಪ್ಪಿದರೆ ಅದು ತುರ್ತು ಸ್ಥಿತಿ. ಮಂತ್ರಿಸಿದ ನೂಲಿಗಾಗಿ ಓಡುವ ಹೊತ್ತಲ್ಲ. ದುಆ ಮಾಡಿ, ಕುರ್‌ಆನ್ ಓದಿ, ಆದರೆ ದಾರಿಯಲ್ಲಿ ಓದಿ, ಆಸ್ಪತ್ರೆಯ ದಾರಿಯಲ್ಲಿ.

ಎರಡನೆಯದಾಗಿ, ರಮಝಾನ್ ಬಂತೆಂದು ಅನೇಕರು ಚಂದ್ರದರ್ಶನದ ರಾತ್ರಿಯೇ ಎಲ್ಲವನ್ನೂ ಬಿಡುತ್ತಾರೆ. ಸಂಕಲ್ಪ ಒಳ್ಳೆಯದು. ಆದರೆ ನಡುಕ ಹುಟ್ಟಿದವನು, ವಾಂತಿ ಭೇದಿಯಲ್ಲಿ ಬಿದ್ದವನು ರೋಗಿ. ರೋಗಿಗೆ ಉಪವಾಸ ಬಿಟ್ಟು ಮುಂದೆ ಪೂರೈಸುವ ರಿಯಾಯಿತಿಯನ್ನು ಅಲ್ಲಾಹನೇ ನೀಡಿದ್ದಾನೆ. ಅವನಿಗೆ ನೀರು ಕುಡಿಸಿ, ಗಂಜಿ ಕೊಡಿ. ಸಾಧ್ಯವಾದರೆ ಶಅಬಾನಿನಲ್ಲೇ ವೈದ್ಯರನ್ನು ಕಾಣಲಿ.

ಮೂರನೆಯದಾಗಿ, ಪೊಲೀಸರಿಗೆ ಹೆದರಿ ಮುಚ್ಚಿಡಬೇಡಿ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 14446 ಸರಕಾರದ ಉಚಿತ ಸಹಾಯವಾಣಿ.

ನಾಲ್ಕನೆಯದಾಗಿ, ಹತ್ತು ದಿನ ಕಳೆದೊಡನೆ ಎಲ್ಲವೂ ಮುಗಿಯಿತೆಂದು ತಿಳಿಯಬೇಡಿ. ಮೈ ಹತ್ತು ದಿನದಲ್ಲಿ ಬಿಟ್ಟದ್ದನ್ನು ಮನಸ್ಸು ಬಿಡಲು ಬಹಳ ಕಾಲ ಬೇಕು. ಔಷಧವನ್ನು ವೈದ್ಯರು ಹೇಳುವ ಮೊದಲು ನಿಲ್ಲಿಸಬೇಡಿ. ಅವನ ಹಳೆಯ ಗೆಳೆಯರ ಜಾಗಕ್ಕೆ ನೀವು ಹೋಗಿ ಕುಳಿತುಕೊಳ್ಳಿ.

ಶಪಿಸಬೇಡಿ

ಪ್ರವಾದಿವರ್ಯರ(ಸ) ಕಾಲದಲ್ಲಿ ಒಬ್ಬರು ಮತ್ತೆ ಮತ್ತೆ ಮದ್ಯ ಕುಡಿದು ಶಿಕ್ಷೆಗೆ ಗುರಿಯಾಗುತ್ತಿದ್ದರು. ಒಂದು ದಿನ ಯಾರೋ ಬೇಸತ್ತು ಅವರನ್ನು ಶಪಿಸಿದರು. ಪ್ರವಾದಿವರ್ಯರು(ಸ) ತಡೆದರು, ಆತನಿಗೆ ಅಲ್ಲಾಹನ ಮತ್ತು ಅವನ ರಸೂಲರ ಮೇಲೆ ಪ್ರೀತಿಯಿದೆ ಎಂದರು. ಇನ್ನೊಂದು ಸಂದರ್ಭದಲ್ಲಿ, ಇಂತಹವನನ್ನು ಶಪಿಸಿ ಶೈತಾನನಿಗೆ ನೆರವಾಗಬೇಡಿರೆಂದು ಹೇಳಿದರು. ಎರಡೂ ಬುಖಾರಿಯಲ್ಲಿವೆ. ಶಿಕ್ಷೆ ಅದರ ಜಾಗದಲ್ಲಿತ್ತು, ಪಾಪವನ್ನು ಪಾಪವೆಂದೇ ಕರೆಯಲಾಯಿತು. ಆದರೆ ಆ ಮನುಷ್ಯನನ್ನು ಸಮುದಾಯದಿಂದ ಹೊರಗೆ ಎಸೆಯಲು ಅವರು ಬಿಡಲಿಲ್ಲ.

ಆ ಹುಡುಗ ಆಮೇಲೆ ಎರಡು ಬಾರಿ ಜಾರಿದ, ಎರಡು ಬಾರಿಯೂ ಎದ್ದ. ಎರಡನೆಯ ಸಲ ಅವನ ತಂದೆ ಬೀಗ ಹುಡುಕಲಿಲ್ಲ, ಆಟೋ ಹುಡುಕಿದರು. ಈಗಲೂ ಅವನು ಔಷಧದಲ್ಲಿದ್ದಾನೆ. ಕೆಲವು ದಿನ ಫಜ್ರ್‌ಗೆ ಬರುತ್ತಾನೆ, ಕೆಲವು ದಿನ ಬರುವುದಿಲ್ಲ. ಬಂದ ದಿನ ಸಫ್‌ನಲ್ಲಿ ಅವನ ಪಕ್ಕದ ಜಾಗ ಖಾಲಿ ಉಳಿಯದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಅಲ್ಲಾಹನು ನಮ್ಮ ಮಕ್ಕಳನ್ನು ಎಲ್ಲ ಅಮಲುಗಳಿಂದ ಕಾಪಾಡಲಿ. ಸಿಲುಕಿದವರಿಗೆ ಶಿಫಾ ಮತ್ತು ತೌಬಾದ ಭಾಗ್ಯವನ್ನು ನೀಡಲಿ. ತಿಳಿಯದ ವಿಷಯದಲ್ಲಿ ಬಾಯಿ ಬಿಡದಿರುವ ವಿವೇಕವನ್ನು ನನ್ನಂತಹ ಉಸ್ತಾದರಿಗೆ ಕರುಣಿಸಲಿ. ಆಮೀನ್.