ಉಳಿದ ಚೌಕಗಳ ಲೆಕ್ಕ

ದಾವಣಗೆರೆಯ ಎಸ್.ಎಸ್. ಬಡಾವಣೆಯಂಥ ಕಡೆ ಮನೆ ಬದಲಿಸುವಾಗಲೋ ಹಬ್ಬಕ್ಕೆ ಕಪಾಟು ಝಾಡಿಸುವಾಗಲೋ ಮಂಚದ ಪೆಟ್ಟಿಗೆಯ ತಳದಿಂದ ಒಂದು ಪ್ಲಾಸ್ಟಿಕ್ ಕವರು ಹೊರಬರುವುದುಂಟು. ಒಳಗೆ ಸ್ಯಾಂಪ್ಲರ್ ಕ್ವಿಲ್ಟಿನ ಚೌಕಗಳು. ಹನ್ನೆರಡು ಚೌಕ, ಹನ್ನೆರಡು ವಿನ್ಯಾಸ ಎಂದು ಶುರುವಾದದ್ದು ಏಳಕ್ಕೆ ನಿಂತಿದೆ. ಗುಂಡುಪಿನ್ನು ತುಕ್ಕು ಹಿಡಿದು ಬಟ್ಟೆಗೆ ಕಂದು ಚುಕ್ಕೆ ಇಟ್ಟಿದೆ, ಮಡಿಕೆಯ ಗೆರೆಯುದ್ದಕ್ಕೂ ಬಿಳಿ ಹಳದಿಯಾಗಿದೆ. ಐದು ಬಾಕಿ. ಆದರೆ ಈ ಬಾಕಿ ಯಾರಿಗೆ ಸಲ್ಲಬೇಕಾದ್ದು?

ಹಿಡಿದ ಕೆಲಸ ಅರ್ಧಕ್ಕೆ ಬಿಡಬಾರದು ಎಂಬ ಮಾತು ಎಲ್ಲ ಮನೆಯಲ್ಲೂ ಇದೆ. ಮನಸ್ಸೂ ಅದಕ್ಕೇ ತಾಳ ಹಾಕುತ್ತದೆ. ಬರ್ಲಿನ್ನಿನಲ್ಲಿ ಮನೋವಿಜ್ಞಾನಿ ಕುರ್ಟ್ ಲೆವಿನ್ ಅವರ ಶಿಷ್ಯೆಯಾಗಿದ್ದ ಮಾರಿಯಾ ಒವ್ಸಿಯಾಂಕಿನಾ 1928ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನಡುವೆ ತಡೆದ ಕೆಲಸವನ್ನು ಹೆಚ್ಚಿನವರು ಯಾರೂ ಹೇಳದಿದ್ದರೂ ಮತ್ತೆ ಕೈಗೆತ್ತಿಕೊಂಡರು. ಆದರೆ ಸೆಳೆತ ಇದೆ ಎಂದ ಮಾತ್ರಕ್ಕೆ ಹೊಣೆ ಇದೆ ಎಂದಾಗದು. 1985ರಲ್ಲಿ ಸಂಶೋಧಕರಾದ ಆರ್ಕ್ಸ್ ಮತ್ತು ಬ್ಲೂಮರ್ ತೋರಿಸಿದ್ದು ಇದರ ಇನ್ನೊಂದು ಮುಖ: ನಾಟಕದ ಸೀಸನ್ ಟಿಕೆಟ್ಟಿಗೆ ಪೂರ್ತಿ ಹಣ ಕೊಟ್ಟವರು, ರಿಯಾಯಿತಿಯಲ್ಲಿ ಪಡೆದವರಿಗಿಂತ ಹೆಚ್ಚು ನಾಟಕಗಳಿಗೆ ಹೋದರು. ನಾಟಕ ಎರಡೂ ಗುಂಪಿಗೆ ಒಂದೇ. ಹೊರಡಿಸಿದ್ದು ಆಗಲೇ ಕಳೆದ ದುಡ್ಡು. ಕವರು ಬಿಚ್ಚಿದ ಕೂಡಲೇ ಆಗುವ ಚುಚ್ಚೂ ಬಹುಪಾಲು ಇದೇ ಜಾತಿಯದು.

ಬಾಕಿ ಯಾರಿಗೆ ಎಂಬ ಪ್ರಶ್ನೆಯನ್ನು ಕೌದಿಯ ಮುಂದಿಟ್ಟು ನೋಡಬೇಕು. ಹಳೆ ಸೀರೆ, ಧೋತರ, ಲುಂಗಿ, ಕುಪ್ಪಸದ ತುಂಡು; ಪದರದ ಮೇಲೆ ಪದರ ಹಾಸಿ ಸಾಲು ಸಾಲಾಗಿ ಓಡುವ ಹೊಲಿಗೆ. ಹೊಲಿಯುವಾಕೆಯ ಹತ್ತಿರ ನಕ್ಷೆ ಇಲ್ಲ. ತುಂಡು ಸಾಲದಿದ್ದರೆ ಮೊಮ್ಮಗನ ಅಂಗಿ ಬರುತ್ತದೆ. ಸವೆದ ಮೇಲೆ ಅದೇ ಕೌದಿ ಹೊಸ ಬಟ್ಟೆ ಹೊದ್ದು ಇನ್ನೊಂದು ಕೌದಿಯ ಹೊಟ್ಟೆ ಸೇರುತ್ತದೆ. ಎಷ್ಟು ಚೌಕ ಬಾಕಿ ಎಂದು ಆಕೆಯನ್ನು ಕೇಳಿದರೆ ನಗು ಬಂದೀತು. ಅಂದರೆ 'ಐದು ಬಾಕಿ' ಎನ್ನುವುದು ಬಟ್ಟೆಯ ಗುಣವಲ್ಲ, ನಕ್ಷೆಯ ಗುಣ.

ಕಟ್ಟಡಕ್ಕೂ ಈ ಮಾತು ಸಲ್ಲುತ್ತದೆ. ದಾವಣಗೆರೆಯ ಹತ್ತಿರದಲ್ಲೇ ಹರಿಹರ ಇದೆ. ಹರಿಹರೇಶ್ವರನ ಗುಡಿಯನ್ನು 1224ರ ಸುಮಾರಿಗೆ ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಅದಕ್ಕೆ ಇನ್ನಷ್ಟು ಸೇರಿಸಿದ. ನಡುವಿನ ನಲವತ್ತು ಚಿಲ್ಲರೆ ವರ್ಷ ಗುಡಿ ಅರ್ಧಂಬರ್ಧ ನಿಂತಿತ್ತು ಎಂದು ಯಾರೂ ಹೇಳುವುದಿಲ್ಲ. ಪೂಜೆಗೆ ಅಷ್ಟು ಸಾಕಾಗಿತ್ತು.

ಹಾಗಾದರೆ ಎಲ್ಲಿ ಬೇಕಾದರೂ ಕೈಬಿಟ್ಟು 'ಮುಗಿಯಿತು' ಅಂದುಬಿಡಬಹುದೇ? ಇಲ್ಲ. ಇಲ್ಲಿ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿ ನೆರವಿಗೆ ಬರುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಅವರು ಅಂಚಿನಿಂದ ಹೊಲಿಯುತ್ತ ಸುತ್ತು ಬಂದು ನಡುವಿಗೆ ಸೇರುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ 'ಫುಲಾ' ಕೂರಿಸುತ್ತಾರೆ. ಈ ಕೌದಿಗಳನ್ನು ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ದಾಖಲಿಸಿರುವಂತೆ, ಫುಲಾ ಇಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಮುಗಿಸುವ ಶಿಸ್ತು ಅಲ್ಲೂ ಇದೆ, ಕಟ್ಟುನಿಟ್ಟಾಗಿಯೇ ಇದೆ. ಆದರೆ ಅದು ಎಣಿಕೆಗೆ ಕಟ್ಟುಬಿದ್ದಿಲ್ಲ. ಕೂಸಿನ ಕೌದಿಗೂ ಫುಲಾ, ಇಡೀ ಸಂಸಾರ ಹೊದೆಯುವ ಕೌದಿಗೂ ಫುಲಾ.

ಏಳು ಚೌಕದ ಕವರಿಗೆ ಈ ಅಳತೆಗೋಲು ಹಿಡಿದರೆ ಲೆಕ್ಕ ಬದಲಾಗುತ್ತದೆ. ಮೇಲ್ಬಟ್ಟೆ, ನಡುವಿನ ಹತ್ತಿ, ಅಡಿಬಟ್ಟೆ ಮೂರೂ ಸೇರಿ ಅಂಚು ಕಟ್ಟುವವರೆಗೆ ಅದು ಚಳಿ ತಡೆಯದು. ಬಿಟ್ಟ ಅಂಚಿನಿಂದ ಎಳೆ ಬಿಚ್ಚಿಕೊಳ್ಳುತ್ತಲೇ ಇರುತ್ತದೆ. ಹೊದೆಯುವವರಿಗೆ ಸಲ್ಲಬೇಕಾದ ಬಾಕಿ ಇದು. ಐದು ಚೌಕ ಮಾತ್ರ ಒಂದು ಕಾಲದ ಹುಮ್ಮಸ್ಸಿಗೆ ಕೊಟ್ಟ ಮಾತು, ಅದನ್ನು ಹಾಗೇ ಉಳಿಸಿಕೊಳ್ಳಲು ಬರುವುದೂ ಇಲ್ಲ. ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಾದರೂ, ಮಂಡಿಪೇಟೆಯೆಲ್ಲ ಸುತ್ತಿದರೂ ಅಂದಿನ ಪ್ರಿಂಟು ಇಂದು ಸಿಗುವ ಭರವಸೆ ಇಲ್ಲ. ಕೈಯೂ ಬದಲಾಗಿರುತ್ತದೆ: ಮೊದಲ ಚೌಕದಲ್ಲಿ ಕಾಲಿಂಚು ಬಿಡಬೇಕಾದ ಅಂಚು ಒಂದು ಕಡೆ ಅಗಲ, ಒಂದು ಕಡೆ ಕಿರಿದು; ಏಳನೆಯದರಲ್ಲಿ ಗೆರೆ ಎಳೆದಂತೆ ನೇರ. ಹನ್ನೆರಡಿಂಚಿನ ಆರು ಚೌಕ ಜೋಡಿಸಿ, ನಡುವೆ ಮತ್ತು ಸುತ್ತ ಮೂರು-ನಾಲ್ಕಿಂಚಿನ ಪಟ್ಟಿ ಕೊಟ್ಟರೆ ಮೂರಡಿಗೆ ನಾಲ್ಕಡಿಯ ಹೊದಿಕೆಯಾಯಿತು. ಏಳನೆಯದು ಹಿಂಬದಿಗೆ ಹೋಗಲಿ.

ಹೊಲಿಗೆ ಕಲಿಸುವವರು ಇಲ್ಲಿ ತಕರಾರು ಎತ್ತುತ್ತಾರೆ, ಅದರಲ್ಲಿ ಹುರುಳಿದೆ. ಬಿಟ್ಟ ಐದರಲ್ಲಿ ಬಾಗಿದ ಅಂಚಿನ ಕಷ್ಟದ ಚೌಕವೇ ಇರುವುದು ಹೆಚ್ಚು. ಹಾಗಿದ್ದ ಮೇಲೆ ಇದು ನುಣುಚಿಕೊಳ್ಳುವ ದಾರಿ ಅಲ್ಲವೇ? ಆದರೆ ಕಲಿಕೆ ಮತ್ತು ಹೊದಿಕೆ ಒಂದಕ್ಕೊಂದು ಗಂಟುಬೀಳಲೇಬೇಕು ಎಂದೇನಿಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಸ್ಯಾಂಪ್ಲರ್ ಎಂದರೆ ಹೆಚ್ಚಾಗಿ ಉದ್ದನೆಯ, ಕಿರಿದಾದ ಒಂದು ಬಟ್ಟೆ. ಕಲಿತ ಹೊಲಿಗೆಯನ್ನು ಅದರಲ್ಲಿ ಹಾಕಿ ಸುತ್ತಿಡುತ್ತಿದ್ದರು, ಬೇಕೆಂದಾಗ ಬಿಚ್ಚಿ ನೋಡುತ್ತಿದ್ದರು. ಹೆಸರು, ವಯಸ್ಸು, ತಾರೀಕು ಹಾಕಿ ಚೌಕಟ್ಟಿನಲ್ಲಿ ತೂಗುಹಾಕುವ ಶಾಲಾ ಹುಡುಗಿಯರ ಕಸೂತಿಯಾಗಿ ಅದು ಬೆಳೆದದ್ದು ಆಮೇಲೆ. ಬಾಗಿದ ಅಂಚು ಕೂಡಿಸುವುದನ್ನು ಕಲಿಯಬೇಕೆನಿಸಿದರೆ ಹಳೆಯದೊಂದು ದಿಂಬಿನ ಗವಸು ಸಾಕು. ಹತ್ತು ಸಲ ಬಿಚ್ಚಿ ಹೊಲಿದು ಅದು ಕೆಟ್ಟುಹೋದರೂ ಹೊದಿಕೆಯ ಅಳತೆಯೇನೂ ಕಡಿಮೆಯಾಗದು.